ಆಫೀಸಿನ ಸರ್ವರ್‌ಗೆ ನೆಟ್ ಬಂದು ಬಂದು ಹೋಗುತ್ತಿದೆಯೇ? ಕಡಿಯುವ ಜಾಗ ಹುಡುಕುವ ಬಗೆ

ತಿಂಗಳ 20ನೇ ತಾರೀಕು ಹತ್ತಿರ ಬಂದಂತೆ ಆಡಿಟರ್ ಆಫೀಸುಗಳಲ್ಲಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡಿಬಿಡಿ ಶುರುವಾಗುತ್ತದೆ. ಟ್ಯಾಲಿ ಲೆಕ್ಕವೆಲ್ಲ ಮೂಲೆಯಲ್ಲಿಟ್ಟ ಸರ್ವರ್‌ನಲ್ಲಿ ಇರುತ್ತದೆ, ಐದಾರು ಕಂಪ್ಯೂಟರ್‌ಗಳು ಅದನ್ನೇ ನೆಚ್ಚಿಕೊಂಡಿರುತ್ತವೆ. ಅಷ್ಟರಲ್ಲಿ ನೆಟ್ ಹೋಗುತ್ತದೆ. ಮೂರು ನಿಮಿಷ ಬಿಟ್ಟು ತಾನಾಗಿಯೇ ಬರುತ್ತದೆ. ಒಂದು ಗಂಟೆ ಕಳೆದು ಮತ್ತೆ ಹೋಗುತ್ತದೆ. ಯಾರೋ ಎದ್ದು ರೂಟರ್ ಆರಿಸಿ ಹಾಕುತ್ತಾರೆ, ಸರಿಯಾಯಿತು ಎನ್ನುತ್ತಾರೆ. ನೆಟ್ ಕಂಪನಿಗೆ ಫೋನ್ ಮಾಡಿದರೆ “ನಮ್ಮ ಕಡೆ ಲೈನ್ ಸರಿ ಇದೆ ಸಾರ್” ಎಂಬ ಉತ್ತರ. ಅವರ ಹುಡುಗ ಬಂದು ನೋಡುವ ಹೊತ್ತಿಗೆ ನೆಟ್ ಚೆನ್ನಾಗಿಯೇ ಓಡುತ್ತಿರುತ್ತದೆ.

ಪೂರ್ತಿ ನಿಂತುಹೋದ ನೆಟ್ಟನ್ನು ಸರಿಮಾಡುವುದು ಕಷ್ಟವಲ್ಲ. ಕಡಿದ ಜಾಗ ಕಡಿದಂತೆಯೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಬಂದು ಹೋಗುವ ನೆಟ್ಟಿನ ತೊಂದರೆ ಬೇರೆ. ನೀವು ನೋಡುವಾಗ ದೋಷ ಇರುವುದಿಲ್ಲ, ದೋಷ ಇದ್ದಾಗ ನೀವು ನೋಡುತ್ತಿರುವುದಿಲ್ಲ. ಆದ್ದರಿಂದ ಎಲ್ಲವನ್ನೂ ಆರಿಸಿ ಹಾಕುವುದು ಇಲ್ಲಿ ಮದ್ದಲ್ಲ, ಅದು ಸಾಕ್ಷಿ ಅಳಿಸುವ ಕೆಲಸ. ಬಹಳಷ್ಟು ಸಣ್ಣ ರೂಟರ್‌ಗಳು ತಮ್ಮ ದಾಖಲೆಯನ್ನು, ಅಂದರೆ ಲಾಗನ್ನು, ಕರೆಂಟು ಇರುವವರೆಗೆ ಮಾತ್ರ ಇಟ್ಟುಕೊಳ್ಳುತ್ತವೆ. ಆರಿಸಿದ ಕ್ಷಣ “11:32ಕ್ಕೆ ಲೈನ್ ಕಡಿಯಿತು” ಎಂಬ ಸಾಲು ಹೋಯಿತು. ಇನ್ನು ಉಳಿಯುವುದು ಊಹೆ ಮಾತ್ರ.

ಹುಡುಕಬೇಕಾದದ್ದು ಎರಡೇ: ಎಲ್ಲಿ ಕಡಿಯುತ್ತದೆ, ಯಾವಾಗ ಕಡಿಯುತ್ತದೆ. ಏಕೆ ಎಂಬುದು ಈ ಎರಡರಿಂದಲೇ ಹೊರಬರುತ್ತದೆ.

## ಸರ್ವರ್‌ನಿಂದ ಹೊರಗಿನವರೆಗೆ ಇರುವ ದಾರಿ

ಸರ್ವರ್ ಎಂದರೆ ಉಳಿದ ಕಂಪ್ಯೂಟರ್‌ಗಳಿಗೆ ಫೈಲು, ಲೆಕ್ಕ, ಪ್ರಿಂಟಿಂಗ್ ಒದಗಿಸುವ ಕಂಪ್ಯೂಟರ್. ಅದರ ಹಿಂಬದಿಯಿಂದ ಹೊರಟ ಲ್ಯಾನ್ ಕೇಬಲ್ ಮೊದಲು ಸ್ವಿಚ್ ಎಂಬ ಪೆಟ್ಟಿಗೆಗೆ ಹೋಗುತ್ತದೆ. ಎಂಟೋ ಹದಿನಾರೋ ತೂತುಗಳ ಈ ಪೆಟ್ಟಿಗೆಯಲ್ಲಿ ಆಫೀಸಿನ ಎಲ್ಲ ಕಂಪ್ಯೂಟರ್‌ಗಳೂ ಕೂಡುತ್ತವೆ. ಸ್ವಿಚ್‌ನಿಂದ ಒಂದು ಕೇಬಲ್ ರೂಟರ್‌ಗೆ. ರೂಟರ್ ಎಂದರೆ ಆಫೀಸಿನ ಹೆಬ್ಬಾಗಿಲು. ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಹೋಗುವ ಪ್ರತಿಯೊಂದೂ ಇಲ್ಲಿ ದಾಟಬೇಕು. ಅದರಾಚೆ ಓಎನ್‌ಟಿ. ಫೈಬರ್‌ನಲ್ಲಿ ಬೆಳಕಾಗಿ ಬಂದದ್ದನ್ನು ವಿದ್ಯುತ್ ಸಂಕೇತವಾಗಿ ಮಾಡುವ ಪೆಟ್ಟಿಗೆ ಅದು. ಎಷ್ಟೋ ಕಡೆ ಓಎನ್‌ಟಿ ಮತ್ತು ರೂಟರ್ ಒಂದೇ ಡಬ್ಬಿಯಲ್ಲಿರುತ್ತವೆ. ಅಲ್ಲಿಂದ ಫೈಬರ್ ಬೀದಿಯ ಕಂಬಕ್ಕೆ, ಕಂಬದಿಂದ ಕಂಪನಿಯ ಕೇಂದ್ರಕ್ಕೆ, ಆಮೇಲೆ ಜಗತ್ತಿಗೆ.

ದಾರಿಯಲ್ಲಿ ಎರಡು ಅಡ್ರೆಸ್‌ಗಳ ಪರಿಚಯ ಬೇಕು. ಐಪಿ ಅಡ್ರೆಸ್ ಮನೆ ನಂಬರಿನಂತೆ, ಬದಲಾಯಿಸಬಹುದು. ಮ್ಯಾಕ್ ಅಡ್ರೆಸ್ ಆ ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತು. ರೂಟರ್‌ನ ಒಳಬದಿಯ ಐಪಿ ಅಡ್ರೆಸ್‌ಗೆ ಗೇಟ್‌ವೇ ಎನ್ನುತ್ತಾರೆ. ಈ ಲೇಖನದಲ್ಲಿ ಅದು 192.168.1.1 ಎಂದಿಟ್ಟುಕೊಳ್ಳೋಣ, ಸರ್ವರ್ 192.168.1.10. ಇನ್ನೊಂದು ಡಿಎನ್ಎಸ್. ಮೊಬೈಲಿನಲ್ಲಿ ಹೆಸರು ಒತ್ತಿದರೆ ನಂಬರಿಗೆ ಕರೆ ಹೋಗುವುದಿಲ್ಲವೇ, ಹಾಗೆ ವೆಬ್‌ಸೈಟಿನ ಹೆಸರನ್ನು ಐಪಿ ನಂಬರಿಗೆ ತಿರುಗಿಸುವ ವ್ಯವಸ್ಥೆ ಅದು.

## ಪಕ್ಕದ ಮನೆಯಲ್ಲಿ ಕರೆಂಟು ಇದೆಯೇ?

ಕರೆಂಟು ಹೋದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಕಿಟಕಿಯಿಂದ ಇಣುಕಿ ಪಕ್ಕದ ಮನೆಯಲ್ಲಿ ಲೈಟು ಉರಿಯುತ್ತಿದೆಯೇ ಎಂದು ನೋಡುವುದು. ಅಲ್ಲೂ ಇಲ್ಲದಿದ್ದರೆ ಲೈನ್‌ನಲ್ಲೇ ಹೋಗಿದೆ. ಅಲ್ಲಿ ಇದ್ದರೆ ನಮ್ಮ ಫ್ಯೂಸು ಹೋಗಿದೆ. ನೆಟ್ಟಿಗೂ ಇದೇ ಕ್ರಮ.

ಸರ್ವರ್‌ನಲ್ಲಿ ನೆಟ್ ಹೋದ ಆ ಗಳಿಗೆಯಲ್ಲಿ, ಅದೇ ಸ್ವಿಚ್‌ಗೆ ಕೇಬಲ್‌ನಿಂದ ಸೇರಿದ ಇನ್ನೊಂದು ಕಂಪ್ಯೂಟರ್‌ನಲ್ಲಿ ನೆಟ್ ಇದೆಯೇ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹೋಲಿಕೆಗೆ ವೈಫೈ ಲ್ಯಾಪ್‌ಟಾಪ್ ಬೇಡ, ಏಕೆಂದರೆ ವೈಫೈಗೆ ಅದರದೇ ಬೇರೆ ರೋಗಗಳಿವೆ. ಮೊಬೈಲ್ ಅಂತೂ ಬೇಡವೇ ಬೇಡ. ವೈಫೈ ಸತ್ತರೆ ಅದು ಸದ್ದಿಲ್ಲದೆ ಸಿಮ್‌ನ ಡೇಟಾಗೆ ಜಿಗಿದು ನೆಟ್ ಇದೆ ಎಂದೇ ತೋರಿಸುತ್ತದೆ.

“ನೆಟ್ ಹೋಯಿತು” ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ಕೇಳಬೇಕು. ಟ್ಯಾಲಿ ತೆರೆಯದಿದ್ದರೂ ಆಫೀಸಿನವರು ಹಾಗೆಯೇ ಹೇಳುತ್ತಾರೆ. ಟ್ಯಾಲಿ ತೆರೆಯದಿದ್ದರೆ ಸರ್ವರ್ ಸಿಗುತ್ತಿಲ್ಲ ಎಂದರ್ಥ. ಅಲ್ಲಿ ಹೊರಗಿನ ಇಂಟರ್ನೆಟ್‌ಗೆ ಪಾತ್ರವೇ ಇಲ್ಲ, ದೋಷ ಆಫೀಸಿನ ನಾಲ್ಕು ಗೋಡೆಗಳ ಒಳಗೇ ಇದೆ.

## ನಾಲ್ಕು ಕಡೆ ಕಾವಲು ಹಾಕುವುದು

ಪಿಂಗ್ ಎಂಬುದು ಕೂಗಿ ಕರೆದು ಓಗೊಡುತ್ತಾರೆಯೇ ಎಂದು ಕೇಳುವ ಪರೀಕ್ಷೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ “ಪಿಂಗ್ -ಟಿ 192.168.1.1” ಎಂದು ಕೊಟ್ಟರೆ ನಿಲ್ಲಿಸುವವರೆಗೂ ಸೆಕೆಂಡಿಗೊಮ್ಮೆ ಕೂಗುತ್ತಲೇ ಇರುತ್ತದೆ. (ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.) ಒಂದನ್ನೇ ಕೂಗಿದರೆ ಸಾಲದು. ದಾರಿಯ ನಾಲ್ಕು ಮೆಟ್ಟಿಲುಗಳನ್ನು ಒಟ್ಟಿಗೇ ಕೂಗಬೇಕು:

1. ಅದೇ ಸ್ವಿಚ್‌ನಲ್ಲಿರುವ ಇನ್ನೊಂದು ಯಂತ್ರ. ನೆಟ್‌ವರ್ಕ್ ಪ್ರಿಂಟರ್ ಆದೀತು, ಆದರೆ ನಿದ್ದೆಗೆ ಜಾರದಂಥದ್ದು ಬೇಕು.
2. ಗೇಟ್‌ವೇ, 192.168.1.1.
3. ನೆಟ್ ಕಂಪನಿಯ ಮೊದಲ ಯಂತ್ರ. ದಾರಿಯ ಯಂತ್ರಗಳನ್ನು ಸಾಲಾಗಿ ತೋರಿಸುವ “ಟ್ರೇಸರ್ಟ್ 8.8.8.8” ಆಜ್ಞೆ ಕೊಟ್ಟಾಗ ಎರಡನೆಯ ಸಾಲಿನಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಕೆಲವು ಯಂತ್ರಗಳು ಸರಿಯಾಗಿದ್ದರೂ ಪಿಂಗ್‌ಗೆ ಉತ್ತರಿಸುವುದಿಲ್ಲ, ಆಗ ಮೂರನೆಯ ಸಾಲಿನದನ್ನು ಹಿಡಿಯಿರಿ.
4. ಹೊರಗಿನ ಗಟ್ಟಿ ನಂಬರು: 8.8.8.8 (ಗೂಗಲ್‌ನ ಡಿಎನ್ಎಸ್) ಅಥವಾ 1.1.1.1 (ಕ್ಲೌಡ್‌ಫ್ಲೇರ್‌ನ ಡಿಎನ್ಎಸ್).

ವಿಂಡೋಸ್‌ನ ಪಿಂಗ್ ಉತ್ತರ ಬಂದ ಹೊತ್ತನ್ನು ಬರೆಯುವುದಿಲ್ಲ. ನಮಗೆ ಬೇಕಾದದ್ದೇ ಹೊತ್ತು. ಅದಕ್ಕಾಗಿ ನಿರ್‌ಸಾಫ್ಟ್‌ನ ‘ಪಿಂಗ್‌ಇನ್ಫೋವ್ಯೂ’ ಎಂಬ ಉಚಿತ ಪ್ರೋಗ್ರಾಂ ಅನುಕೂಲ. ನಾಲ್ಕೂ ಅಡ್ರೆಸ್‌ಗಳನ್ನು ಒಂದೇ ಪರದೆಯಲ್ಲಿ ಕೂಗುತ್ತದೆ, ಕೊನೆಯ ಬಾರಿ ತಪ್ಪಿದ್ದು ಯಾವಾಗ ಎಂದು ಗಂಟೆ ನಿಮಿಷ ಸಮೇತ ತೋರಿಸುತ್ತದೆ. ಸರ್ವರ್ ಲಿನಕ್ಸ್‌ನದಾದರೆ “ಪಿಂಗ್ -ಡಿ” (ದೊಡ್ಡ ಡಿ) ಕೊಟ್ಟರೆ ಪ್ರತಿ ಸಾಲಿನ ಮುಂದೆ ಹೊತ್ತು (ಸೆಕೆಂಡುಗಳ ಉದ್ದ ಸಂಖ್ಯೆಯಾಗಿ) ಬರುತ್ತದೆ. ಇದೇ ಕಾವಲನ್ನು ಇನ್ನೊಂದು ಕಂಪ್ಯೂಟರ್‌ನಲ್ಲೂ ಹಾಕಿ. ಪಕ್ಕದ ಮನೆಯ ಲೈಟು ನೋಡುವ ಕೆಲಸವನ್ನು ಅದು ನಿಮ್ಮ ಪರವಾಗಿ ಮಾಡುತ್ತದೆ. ಎರಡೂ ಕಂಪ್ಯೂಟರ್‌ಗಳ ಗಡಿಯಾರ ಒಂದೇ ಸಮಯ ತೋರಿಸುತ್ತಿರಲಿ.

ನೆಟ್ ಹೋದಾಗ ಓದುವುದು ಹೀಗೆ. 1 ಮತ್ತು 2 ಉತ್ತರಿಸುತ್ತಿವೆ, 3 ಮತ್ತು 4 ನಿಂತಿವೆ: ಆಫೀಸಿನ ಒಳಗೆ ಎಲ್ಲವೂ ಸರಿ, ಕಡಿದದ್ದು ರೂಟರ್‌ನ ಹೊರಬದಿಯಲ್ಲಿ. 1 ಬರುತ್ತದೆ, 2 ಬರುತ್ತಿಲ್ಲ: ರೂಟರ್ ಸ್ತಬ್ಧವಾಗಿದೆ, ಇಲ್ಲವೇ ಸ್ವಿಚ್ ಮತ್ತು ರೂಟರ್ ನಡುವಿನ ಕೇಬಲ್. ನಾಲ್ಕೂ ನಿಂತಿವೆ: ಸರ್ವರ್‌ನ ಕೇಬಲ್, ಅದರ ನೆಟ್‌ವರ್ಕ್ ಕಾರ್ಡ್ ಅಥವಾ ಸ್ವಿಚ್. ನಾಲ್ಕೂ ಚೆನ್ನಾಗಿ ಉತ್ತರಿಸುತ್ತಿವೆ, ಆದರೂ ವೆಬ್‌ಸೈಟ್ ತೆರೆಯುತ್ತಿಲ್ಲ: ದಾರಿ ಸರಿ ಇದೆ, ಹೆಸರು ಹುಡುಕುವ ಡಿಎನ್ಎಸ್ ಕೈಕೊಟ್ಟಿದೆ.

ತಪ್ಪಿದ ಉತ್ತರದ ಮಾತುಗಳಲ್ಲೂ ಸುಳಿವಿದೆ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದರೆ ಕೂಗಿದೆ, ಓಗೊಟ್ಟವರಿಲ್ಲ. ಸರ್ವರ್ ತನ್ನದೇ ನಂಬರಿನಿಂದ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದರೆ ಪಕ್ಕದ ಯಂತ್ರದ ಮ್ಯಾಕ್ ಅಡ್ರೆಸ್ಸೇ ಸಿಗಲಿಲ್ಲ, ದೋಷ ಬಲು ಹತ್ತಿರದಲ್ಲಿದೆ. ‘ಜನರಲ್ ಫೇಲ್ಯೂರ್’ ಎಂದು ಬಂದರೆ ಕೂಗು ಸರ್ವರ್‌ನ ಬಾಯಿಂದ ಹೊರಟೇ ಇಲ್ಲ. ಕಾರ್ಡ್ ಅಥವಾ ಅದರ ಡ್ರೈವರ್ ನೋಡಿ. ನೂರಾರು ಕೂಗಿಗೆ ಒಂದು ತಪ್ಪಿದರೆ ತಲೆ ಕೆಡಿಸಿಕೊಳ್ಳಬೇಡಿ. ಒಟ್ಟಿಗೆ ಹತ್ತಿಪ್ಪತ್ತು ತಪ್ಪಿದ ಗುಂಪುಗಳೇ ನಮಗೆ ಬೇಕಾದವು.

## ಮೊದಲು ಕರೆಂಟಿನ ಕಡೆ ನೋಡಿ

ಸಣ್ಣ ಆಫೀಸಿನಲ್ಲಿ ಮೊದಲ ಅನುಮಾನ ಕರೆಂಟಿನ ಮೇಲೆ ಇರಬೇಕು. ಸರ್ವರ್‌ಗೆ ಯುಪಿಎಸ್ ಇರುತ್ತದೆ, ಆದರೆ ಸ್ವಿಚ್ ಅಥವಾ ಓಎನ್‌ಟಿಯ ಪ್ಲಗ್ ಮಾತ್ರ ನೇರ ಗೋಡೆಯಲ್ಲಿರುತ್ತದೆ. ಕರೆಂಟು ಕಣ್ಣು ಮಿಟುಕಿಸಿದಷ್ಟು ಹೊತ್ತು ಹೋಗಿ ಬಂದರೂ ಆ ಪೆಟ್ಟಿಗೆ ಮೊದಲಿನಿಂದ ಶುರುವಾಗಬೇಕು. ಓಎನ್‌ಟಿ ಎದ್ದು ಕಂಪನಿಯ ಯಂತ್ರದ ಜೊತೆ ಮಾತುಕತೆ ಮುಗಿಸಿ ನೆಟ್ ಕೊಡಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಪರದೆ ಆರದೇ ಇದ್ದುದರಿಂದ ಕರೆಂಟು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ, “ಮೂರು ನಿಮಿಷ ನೆಟ್ ಹೋಯಿತು” ಎಂಬುದಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ಇದನ್ನು ಪತ್ತೆ ಮಾಡುವ ಸುಲಭ ದಾರಿ ರೂಟರ್‌ನ ಪುಟದಲ್ಲಿದೆ. ಬ್ರೌಸರ್‌ನಲ್ಲಿ 192.168.1.1 ತೆರೆದು ಲಾಗಿನ್ ಆದರೆ ಸ್ಟೇಟಸ್ ಪುಟದಲ್ಲಿ ಎರಡು ಅಪ್‌ಟೈಮ್ ಕಾಣಬಹುದು: ಸಿಸ್ಟಂ ಅಪ್‌ಟೈಮ್ ಅಂದರೆ ಪೆಟ್ಟಿಗೆ ಎದ್ದು ಎಷ್ಟು ಹೊತ್ತಾಯಿತು, ವ್ಯಾನ್ ಅಪ್‌ಟೈಮ್ ಅಂದರೆ ಹೊರಗಿನ ಸಂಪರ್ಕ ಸಿಕ್ಕಿ ಎಷ್ಟು ಹೊತ್ತಾಯಿತು. ನೆಟ್ ಹೋಗಿ ಬಂದ ಮೇಲೆ ಎರಡೂ “5 ನಿಮಿಷ” ಎನ್ನುತ್ತಿದ್ದರೆ ಪೆಟ್ಟಿಗೆಯೇ ಬಿದ್ದೆದ್ದಿದೆ. ಕರೆಂಟು, ಅಡಾಪ್ಟರ್ ಅಥವಾ ಬಿಸಿ ಕಾರಣ. ಸಿಸ್ಟಂ 12 ದಿನ, ವ್ಯಾನ್ 5 ನಿಮಿಷ ಎಂದಿದ್ದರೆ ಪೆಟ್ಟಿಗೆ ಗಟ್ಟಿಯಾಗಿ ನಿಂತಿತ್ತು, ಹೊರಗಿನ ಲೈನ್ ಕಡಿದಿತ್ತು. ರೂಟರ್ ಆರಿಸುವ ಮುನ್ನ ಈ ಎರಡು ಅಂಕಿಗಳನ್ನು ನೋಡಿ ಬರೆದಿಡುವ ಅಭ್ಯಾಸ ಮಾಡಿಕೊಂಡರೆ ಎಷ್ಟೋ ದಿನಗಳ ಹುಡುಕಾಟ ಉಳಿಯುತ್ತದೆ.

ಅಡಾಪ್ಟರ್ ವಿಷಯದಲ್ಲಿ ಒಂದು ಎಚ್ಚರ. ವಯಸ್ಸಾದ 12 ವೋಲ್ಟ್ ಅಡಾಪ್ಟರನ್ನು ಕಳಚಿ ಮಲ್ಟಿಮೀಟರ್ ಇಟ್ಟರೆ 12 ಎಂದೇ ತೋರಿಸೀತು. ಹೊರೆ ಬಿದ್ದಾಗ, ಅಂದರೆ ಎಲ್ಲರೂ ನೆಟ್ ಬಳಸುವಾಗ ಮಾತ್ರ ಅದು ಕುಸಿಯುತ್ತದೆ, ರೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಅನುಮಾನವಿದ್ದರೆ ಬದಲಾಯಿಸಿಯೇ ನೋಡಬೇಕು: ವೋಲ್ಟ್ ಅಷ್ಟೇ ಇರಲಿ, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಲಿ, ಪಿನ್‌ನ ಗಾತ್ರವೂ ಪ್ಲಸ್ ಮೈನಸ್ ಗುರುತೂ ಹಳೆಯದರಂತೆಯೇ ಇರಲಿ. ಓಎನ್‌ಟಿ, ರೂಟರ್, ಸ್ವಿಚ್ ಮೂರನ್ನೂ ಯುಪಿಎಸ್‌ಗೆ ಹಾಕಿ. ಯುಪಿಎಸ್‌ನ ಒಳಗಿನ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷದಲ್ಲಿ ಸೋಲುತ್ತದೆ. ವಾರದ ಕೊನೆಗೆ, ಕೆಲಸ ಮುಗಿದು ಸರ್ವರ್ ಆರಿಸಿದ ಮೇಲೆ, ಗೋಡೆಯ ಸ್ವಿಚ್ ಆರಿಸಿ ಪೆಟ್ಟಿಗೆಗಳ ಲೈಟು ಉಳಿಯುತ್ತದೆಯೇ ನೋಡಿದರೆ ಗೊತ್ತಾಗುತ್ತದೆ.

## ಸರ್ವರ್ ಒಂದಕ್ಕೇ ಹೋಗುತ್ತಿದ್ದರೆ

ಕೇಬಲ್‌ನಿಂದ ಶುರುಮಾಡಿ. ಸರ್ವರ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 1 ಜಿಬಿಪಿಎಸ್ ಇರಬೇಕಾದ ಕಡೆ 100 ಎಂಬಿಪಿಎಸ್ ಎಂದಿದ್ದರೆ ಕೇಬಲ್ ತಾನೇ ತಪ್ಪೊಪ್ಪಿಕೊಂಡಂತೆ. ಕೇಬಲ್‌ನಲ್ಲಿ ಎಂಟು ತಂತಿಗಳಿವೆ; ಗಿಗಾಬಿಟ್‌ಗೆ ಎಂಟೂ ಬೇಕು, 100ಕ್ಕೆ 1, 2, 3, 6ನೇ ತಂತಿಗಳು ಸಾಕು. ಉಳಿದ ನಾಲ್ಕರಲ್ಲಿ ಒಂದು ಸಡಿಲವಾದರೂ ವೇಗ ಇಳಿಯುತ್ತದೆ. 1, 2, 3, 6ರಲ್ಲೇ ಒಂದು ಸಡಿಲವಾದರೆ ಸಂಪರ್ಕವೇ ಹೋಗುತ್ತದೆ.

ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ. ಪಾರದರ್ಶಕ ಪ್ಲಾಸ್ಟಿಕ್ಕಿನ ತುದಿಯಲ್ಲಿ ಎಂಟು ತಾಮ್ರದ ಚುಕ್ಕೆಗಳು ಸಾಲಾಗಿ ಹೊಳೆಯಬೇಕು. ಒಂದು ಹಿಂದೆ ಉಳಿದಿದ್ದರೆ ಅದು ಕಚ್ಚಿಲ್ಲ. ಕೇಬಲ್‌ನ ಹೊರಸಿಪ್ಪೆ ಕನೆಕ್ಟರ್‌ನ ಒಳಗೆ ಹೋಗಿ ಹಿಡಿತಕ್ಕೆ ಸಿಕ್ಕಿರಬೇಕು. ಬಣ್ಣದ ತಂತಿಗಳು ಹೊರಗೆ ಕಾಣುತ್ತಿದ್ದರೆ ಟೇಬಲ್ ಸರಿಸಿದಾಗಲೆಲ್ಲ ಎಳೆತ ಬೀಳುವುದು ಆ ತಂತಿಗಳ ಮೇಲೆ. ಕ್ಲಿಪ್ ಮುರಿದ ಕನೆಕ್ಟರ್ ಫ್ಯಾನಿನ ಅದುರುವಿಕೆಗೂ ಜಾರೀತು. ಬಣ್ಣದ ಕ್ರಮ ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಕೂರುವುದು ತಪ್ಪಲ್ಲ, ಅದೇ ಸರಿ. ಚೆಂದ ಕಾಣಲೆಂದು ಜೋಡಿ ಜೋಡಿಯಾಗಿ ಸಾಲು ಹಚ್ಚಿದರೆ ಎಂಟು ಲೈಟಿನ ಅಗ್ಗದ ಟೆಸ್ಟರ್ ಎಲ್ಲವೂ ಸರಿ ಎಂದೇ ತೋರಿಸುತ್ತದೆ, ಆದರೆ ಒಟ್ಟಿಗೆ ಹೆಣೆದಿರಬೇಕಾದ ತಂತಿಗಳು ಬೇರೆ ಬೇರೆಯಾಗಿ ಸಂಕೇತಗಳು ಒಂದರೊಳಗೊಂದು ಸೋರುತ್ತವೆ. ಉದ್ದ ಕೇಬಲ್‌ನಲ್ಲಿ ನೆಟ್ ಬಂದು ಹೋಗಲು ಇದೊಂದೇ ಸಾಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯ ಕೇಬಲ್ ಕೂಡ ಅಗ್ಗಕ್ಕೆ ಸಿಗುತ್ತದೆ. ಬಾಗಿದಲ್ಲಿ ಬೇಗ ಮುರಿಯುತ್ತದೆ. ಸರ್ವರ್‌ಗೆ ಪೂರ್ತಿ ತಾಮ್ರದ ಕ್ಯಾಟ್ 6 ಹಾಕಿ, ಸಾಧ್ಯವಾದರೆ ಕಾರ್ಖಾನೆಯಲ್ಲೇ ಕ್ರಿಂಪ್ ಆದ ಪ್ಯಾಚ್ ಕಾರ್ಡ್. ಅದಾದ ಮೇಲೂ ನಿಲ್ಲದಿದ್ದರೆ ಸ್ವಿಚ್‌ನ ಬೇರೆ ತೂತಿಗೆ ಬದಲಿಸಿ ನೋಡಿ.

ಕೇಬಲ್ ನಿಜವಾಗಿ ಕಡಿಯುತ್ತಿದೆಯೇ ಎಂಬುದಕ್ಕೆ ವಿಂಡೋಸ್‌ನ ಈವೆಂಟ್ ವ್ಯೂವರ್ ಸಾಕ್ಷಿ ಹೇಳುತ್ತದೆ. ಸಿಸ್ಟಂ ಲಾಗ್‌ನಲ್ಲಿ, ನೆಟ್ ಹೋದ ಅದೇ ನಿಮಿಷದಲ್ಲಿ, ನೆಟ್‌ವರ್ಕ್ ಕಾರ್ಡ್‌ನ ಡ್ರೈವರ್ ಹೆಸರಿನಲ್ಲಿ ‘ಲಿಂಕ್ ಡಿಸ್‌ಕನೆಕ್ಟೆಡ್’ ಎಂಬ ಸಾಲಿದ್ದರೆ ಕೇಬಲ್, ಸ್ವಿಚ್‌ನ ತೂತು, ಕಾರ್ಡ್ ಈ ಮೂರರಲ್ಲೇ ದೋಷ. ಆ ಸಾಲು ಇಲ್ಲದಿದ್ದರೆ ತಂತಿಯನ್ನು ಬಿಟ್ಟು ಮುಂದೆ ಹೋಗಿ. ಕಾರ್ಡ್‌ನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಎಂಬಲ್ಲಿ ‘ಕರೆಂಟು ಉಳಿಸಲು ಈ ಸಾಧನವನ್ನು ಆರಿಸಬಹುದು’ ಎಂಬ ಅರ್ಥದ ಗುರುತು ಇದ್ದರೆ ತೆಗೆಯಿರಿ, ‘ಎನರ್ಜಿ ಎಫಿಶಿಯೆಂಟ್ ಈಥರ್ನೆಟ್’ ಎಂಬುದನ್ನು ಆಫ್ ಮಾಡಿ ನೋಡಿ.

### ಒಂದೇ ನಂಬರಿನ ಎರಡು ಮನೆಗಳು

ಇದು ಬಹಳ ಕಾಡುವ ದೋಷ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ರೂಟರ್‌ನಲ್ಲಿ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಇದೆ. ಲಾಡ್ಜಿನ ಕೌಂಟರ್‌ನವರು ಬಂದವರಿಗೆ ಖಾಲಿ ರೂಮಿನ ಕೀ ಕೊಡುವಂತೆ ಅದು ಬಂದ ಯಂತ್ರಗಳಿಗೆ ಐಪಿ ನಂಬರು ಕೊಡುತ್ತದೆ. ಸರ್ವರ್ ಮಾತ್ರ ಯಾರನ್ನೂ ಕೇಳದೆ 10ನೇ ರೂಮಿನಲ್ಲಿ ಖಾಯಂ ಕೂತಿದೆ. ಕೌಂಟರ್‌ನ ಪುಸ್ತಕದಲ್ಲಿ 10 ಖಾಲಿ ಎಂದೇ ಇದ್ದರೆ ಒಂದು ದಿನ ಯಾರದೋ ಮೊಬೈಲಿಗೆ ಆ ಕೀ ಹೋಗುತ್ತದೆ. ಹೊಸದಾಗಿ ಹಾಕಿದ ಸಿಸಿಟಿವಿಯ ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ತನ್ನ ಸ್ವಂತ ಖಾಯಂ ನಂಬರಿನೊಡನೆ ಬಂದು ಅಲ್ಲೇ ಕೂರಲೂಬಹುದು. ಆಮೇಲೆ ಸರ್ವರ್‌ಗೆ ಬರಬೇಕಾದ ಉತ್ತರ ಒಮ್ಮೆ ಇಲ್ಲಿಗೆ, ಒಮ್ಮೆ ಅಲ್ಲಿಗೆ. ಆ ಮೊಬೈಲಿನವರು ಊಟಕ್ಕೆ ಹೊರಗೆ ಹೋದರೆ ಸರ್ವರ್ ಸರಿಯಾಗುತ್ತದೆ, ವಾಪಸ್ ಬಂದರೆ ಕೆಡುತ್ತದೆ!

ವಿಂಡೋಸ್ ಇದನ್ನು ಗಮನಿಸಿದರೆ ಸಿಸ್ಟಂ ಲಾಗ್‌ನಲ್ಲಿ 4199 ಎಂಬ ಸಂಖ್ಯೆಯ ಈವೆಂಟ್ ಬರೆಯುತ್ತದೆ. ಅದು ಕಾಣದಿದ್ದರೆ ಕೈಯಾರೆ ಪರೀಕ್ಷಿಸಿ. ಸರ್ವರ್‌ನ ಲ್ಯಾನ್ ಕೇಬಲ್ ಕಳಚಿ, ಬೇರೆ ಕಂಪ್ಯೂಟರ್‌ನಿಂದ 192.168.1.10ಕ್ಕೆ ಪಿಂಗ್ ಮಾಡಿ. ಕೇಬಲ್ ನಿಮ್ಮ ಕೈಯಲ್ಲಿದ್ದರೂ ಉತ್ತರ ಬಂದರೆ ಅದನ್ನು ಕೊಡುತ್ತಿರುವುದು ಇನ್ನೊಂದು ಯಂತ್ರ. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಅನುಮಾನ ಬಿಡಬೇಡಿ, ಆ ಯಂತ್ರ ಆಗ ಆಫೀಸಿನಲ್ಲಿ ಇಲ್ಲದಿರಬಹುದು. ನೆಟ್ ಸರಿ ಇದ್ದಾಗ ಬೇರೆ ಕಂಪ್ಯೂಟರ್‌ನಲ್ಲಿ “ಎಆರ್‌ಪಿ -ಎ” ಕೊಟ್ಟು ಸರ್ವರ್‌ನ ನಂಬರಿನ ಎದುರಿರುವ ಮ್ಯಾಕ್ ಅಡ್ರೆಸ್ ಬರೆದುಕೊಳ್ಳಿ, ಕೆಟ್ಟಾಗ ಮತ್ತೆ ನೋಡಿ. ಆಗ 17ರಲ್ಲಿ ಮುಗಿಯುತ್ತಿದ್ದದ್ದು ಈಗ 82ರಲ್ಲಿ ಮುಗಿಯುತ್ತಿದ್ದರೆ ಕಳ್ಳ ಸಿಕ್ಕ. ರೂಟರ್‌ನ ಡಿಎಚ್‌ಸಿಪಿ ಪಟ್ಟಿಯಲ್ಲಿ ಆ ಮ್ಯಾಕ್ ಯಾರದೆಂದು ಸಿಗಬಹುದು. ಖಾಯಂ ಪರಿಹಾರ: ರೂಟರ್ ಹಂಚುವ ನಂಬರುಗಳನ್ನು 192.168.1.100ರಿಂದ 200ರವರೆಗೆ ಎಂದು ಮಿತಿಗೊಳಿಸಿ, ಸರ್ವರ್, ಪ್ರಿಂಟರ್, ಡಿವಿಆರ್ ಇವಕ್ಕೆ 100ಕ್ಕಿಂತ ಕೆಳಗಿನ ಬೇರೆ ಬೇರೆ ನಂಬರು ಕೊಟ್ಟು ಒಂದು ಚೀಟಿಯಲ್ಲಿ ಬರೆದು ಸ್ವಿಚ್ ಪಕ್ಕ ಅಂಟಿಸಿ.

### ಉಳಿದ ಮೂರು

ಸರ್ವರ್‌ನಲ್ಲಿ ಎರಡು ಲ್ಯಾನ್ ತೂತು ಇದ್ದು ಎರಡಕ್ಕೂ ಗೇಟ್‌ವೇ ಕೊಟ್ಟಿದ್ದರೆ ಯಾವ ಬಾಗಿಲಿನಿಂದ ಹೊರಡಬೇಕೆಂಬ ಗೊಂದಲ ಹುಟ್ಟುತ್ತದೆ. ಗೇಟ್‌ವೇ ಒಂದೇ ಇರಬೇಕು, ಇನ್ನೊಂದರಲ್ಲಿ ಆ ಜಾಗ ಖಾಲಿ ಬಿಡಿ.

ಆಫೀಸಿನ ಲಾಗಿನ್‌ಗಳನ್ನೆಲ್ಲ ನೋಡಿಕೊಳ್ಳುವ ವಿಂಡೋಸ್ ಡೊಮೇನ್ ಸರ್ವರ್ ಇದ್ದರೆ, ಕಂಪ್ಯೂಟರ್‌ಗಳಲ್ಲಿ ಮೊದಲ ಡಿಎನ್ಎಸ್ ಸರ್ವರ್‌ನದು, ಎರಡನೆಯದು 8.8.8.8 ಎಂದು ‘ಇರಲಿ’ ಎಂದು ಹಾಕಿರುತ್ತಾರೆ. ಸರ್ವರ್ ಒಮ್ಮೆ ತಡವಾಗಿ ಉತ್ತರಿಸಿದರೆ ಕಂಪ್ಯೂಟರ್ ಎರಡನೆಯದಕ್ಕೆ ಹೋಗುತ್ತದೆ. ಹೊರಗಿನ 8.8.8.8ಕ್ಕೆ ನಿಮ್ಮ ಆಫೀಸಿನ ಒಳಗಿನ ಹೆಸರುಗಳು ಗೊತ್ತಿರಲು ಹೇಗೆ ಸಾಧ್ಯ? ಕಂಪ್ಯೂಟರ್‌ಗಳಿಗೂ ಸರ್ವರ್‌ಗೂ ಒಳಗಿನ ಡಿಎನ್ಎಸ್ ಮಾತ್ರ ಕೊಡಿ, 8.8.8.8, 1.1.1.1 ಎಂಬುವು ಸರ್ವರ್‌ನ ಡಿಎನ್ಎಸ್ ಸೆಟ್ಟಿಂಗ್‌ನಲ್ಲಿ ಫಾರ್ವರ್ಡರ್ (ತನಗೆ ಗೊತ್ತಿಲ್ಲದ ಹೆಸರನ್ನು ಸರ್ವರ್ ಯಾರನ್ನು ಕೇಳಬೇಕು) ಎಂಬ ಜಾಗದಲ್ಲಿರಲಿ.

ಸರ್ವರ್ ವಾರಗಟ್ಟಲೆ ಚೆನ್ನಾಗಿ ಓಡಿ, ಆಮೇಲೆ ಹೊಸ ಸಂಪರ್ಕಗಳೇ ಆಗದೆ, ರೀಸ್ಟಾರ್ಟ್ ಮಾಡಿದ ಕೂಡಲೇ ಸರಿಹೋಗುತ್ತಿದ್ದರೆ ಸಿಸ್ಟಂ ಲಾಗ್‌ನಲ್ಲಿ 4231 ಹುಡುಕಿ. ಹೊರಗೆ ಹೋಗುವ ಪ್ರತಿ ಸಂಪರ್ಕಕ್ಕೂ ವಿಂಡೋಸ್ 49152ರಿಂದ 65535ರವರೆಗಿನ ಒಂದು ಪೋರ್ಟ್, ಅಂದರೆ ಆ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಕೊಡುತ್ತದೆ, ಒಟ್ಟು 16384. ತೆರೆದದ್ದನ್ನು ಮುಚ್ಚದ ಒಂದು ಕೆಟ್ಟ ಪ್ರೋಗ್ರಾಂ ಇದ್ದರೆ ಅವೆಲ್ಲ ಖರ್ಚಾಗುತ್ತವೆ. “ನೆಟ್‌ಸ್ಟ್ಯಾಟ್ -ಎಎನ್‌ಒ” ಕೊಟ್ಟರೆ ಕೊನೆಯ ಕಾಲಂನಲ್ಲಿ ಯಾವ ಪ್ರೋಗ್ರಾಂ ಎಂಬ ಸಂಖ್ಯೆ ಸಿಗುತ್ತದೆ.

## ಆಫೀಸಿಗೆಲ್ಲ ಹೋಗುತ್ತಿದ್ದರೆ

ಸ್ವಿಚ್‌ನ ಲೈಟುಗಳನ್ನು ನೋಡಿ. ಮಾಮೂಲಿ ದಿನ ಅವು ಒಂದೊಂದು ಲಯದಲ್ಲಿ ಮಿನುಗುತ್ತವೆ. ಎಲ್ಲವೂ ಹಬ್ಬದ ಸೀರಿಯಲ್ ಸೆಟ್‌ನಂತೆ ಒಟ್ಟಿಗೇ ಎಡೆಬಿಡದೆ ಹೊಡೆದುಕೊಳ್ಳುತ್ತಿದ್ದರೆ ಯಾರೋ ಒಂದೇ ಕೇಬಲ್‌ನ ಎರಡೂ ತುದಿಗಳನ್ನು ಸ್ವಿಚ್‌ಗೇ ಚುಚ್ಚಿರಬಹುದು. ಕಳುಹಿಸಿದ್ದು ಸುತ್ತಿ ಸುತ್ತಿ ಬಂದು ಒಳಗಿನ ದಾರಿ ತುಂಬಿಹೋಗುತ್ತದೆ. ಕೇಬಲ್‌ಗಳನ್ನು ಒಂದೊಂದಾಗಿ ಕಳಚುತ್ತ ಹೋಗಿ. ಯಾವುದನ್ನು ತೆಗೆದಾಗ ಲೈಟುಗಳು ಶಾಂತವಾದವೋ ಅದೇ.

ವೈಫೈ ಸಿಗ್ನಲ್ ಸಾಲದೆಂದು ತಂದ ಎರಡನೇ ರೂಟರ್ ಇನ್ನೊಂದು ಮೂಲ. ಅದನ್ನು ಹಾಗೆಯೇ ಸ್ವಿಚ್‌ಗೆ ಸೇರಿಸಿದರೆ ಲಾಡ್ಜಿನಲ್ಲಿ ಎರಡು ಕೌಂಟರ್ ತೆರೆದಂತೆ. ಕೆಲವರಿಗೆ ಈ ಕೌಂಟರ್‌ನ ಕೀ, ಕೆಲವರಿಗೆ ಆ ಕೌಂಟರ್‌ನ ಕೀ. ಆ ಕೀ ಸಿಕ್ಕವರಿಗೆ ನೆಟ್ ಇಲ್ಲ. ಅದರ ಅಡ್ರೆಸ್ಸೂ 192.168.1.1 ಆಗಿಬಿಟ್ಟರೆ ಆಫೀಸಿಗೆ ಎರಡು ಹೆಬ್ಬಾಗಿಲು, ಒಂದು ಗೋಡೆಗೆ ತೆರೆಯುತ್ತದೆ. ಅದನ್ನು ವೈಫೈ ಮಾತ್ರ ಕೊಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ. ಆ ಸೌಲಭ್ಯ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ ಬೇರೆ ನಂಬರು ಕೊಟ್ಟು, ಕೇಬಲ್ ಅದರ ಲ್ಯಾನ್ ತೂತಿಗೆ ಹಾಕಿ.

ದಿನಾ ಒಂದೇ ಹೊತ್ತಿಗೆ ನೆಟ್ ಸಾಯುತ್ತಿದ್ದರೆ ಬ್ಯಾಕಪ್ ವೇಳಾಪಟ್ಟಿ ನೋಡಿ. ಘಾಟಿ ಏರುವಾಗ ಮುಂದೊಂದು ಲೋಡ್ ಲಾರಿ ತೆವಳುತ್ತಿದ್ದರೆ ಹಿಂದಿನ ಕಾರು, ಬಸ್ಸು, ಬೈಕು ಎಲ್ಲವೂ ಅದರದೇ ವೇಗಕ್ಕೆ ಇಳಿಯುತ್ತವೆ. 20 ಎಂಬಿಪಿಎಸ್ ಅಪ್‌ಲೋಡ್ ಇರುವ ಲೈನ್‌ನಲ್ಲಿ 20 ಜಿಬಿ ಬ್ಯಾಕಪ್ ಮೇಲೇರಲು ಏನೂ ಅಡ್ಡಿಯಿಲ್ಲದಿದ್ದರೂ ಸುಮಾರು 2 ಗಂಟೆ 15 ನಿಮಿಷ ಬೇಕು. ಅಷ್ಟು ಹೊತ್ತು ಉಳಿದವರ ಚಿಕ್ಕ ಚಿಕ್ಕ ವಿನಂತಿಗಳು ಸಾಲಿನಲ್ಲಿ ಕಾಯುತ್ತವೆ. ಇದರ ಗುರುತು ಸ್ಪಷ್ಟ: 8.8.8.8ರ ಪಿಂಗ್ 15 ಮಿಲಿಸೆಕೆಂಡಿನಿಂದ ನೂರಾರಕ್ಕೆ ಏರುತ್ತ ಹೋಗಿ ಆಮೇಲೆ ತಪ್ಪತೊಡಗುತ್ತದೆ. ಕಡಿದ ಲೈನ್‌ನಲ್ಲಿ ಹಾಗಲ್ಲ, ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಬ್ಯಾಕಪ್ಪನ್ನು ರಾತ್ರಿಗೆ ಹಾಕಿ, ಅಥವಾ ಅದಕ್ಕೆ ಅಪ್‌ಲೋಡ್ ವೇಗದ ಮುಕ್ಕಾಲು ಭಾಗದ ಮಿತಿ ಕೊಡಿ.

ರೂಟರ್‌ಗೂ ಒಂದು ಮಿತಿಯಿದೆ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಪ್ರತಿ ಜೋಡಿಗೂ ಒಂದು ಟೋಕನ್ ಕೊಡುವಂತೆ, ಹೊರಗೆ ಹೋದ ಪ್ರತಿ ಸಂಪರ್ಕವೂ ಯಾವ ಕಂಪ್ಯೂಟರ್‌ನದೆಂದು ಅದು ನೆನಪಿಡುತ್ತದೆ. ಟೋಕನ್ ಮುಗಿದರೆ ಹೊಸಬರಿಗೆ ಜಾಗವಿಲ್ಲ. ಆಗಲೇ ನಡೆಯುತ್ತಿರುವ ವಿಡಿಯೋ ಕಾಲ್ ಓಡುತ್ತಿರುತ್ತದೆ, ಹೊಸ ಪುಟ ತೆರೆಯುವುದಿಲ್ಲ. ಟೊರೆಂಟ್, ವೈರಸ್ ತಗುಲಿದ ಕಂಪ್ಯೂಟರ್ ಇದಕ್ಕೆ ಕಾರಣವಾಗುವುದುಂಟು. ಮನೆಗೆಂದು ಮಾಡಿದ ಅಗ್ಗದ ರೂಟರನ್ನು ಹದಿನೈದು ಇಪ್ಪತ್ತು ಜನರ ಆಫೀಸಿಗೆ ಹಾಕಿದರೂ ಇದೇ ಗತಿ.

## ಫೈಬರ್‌ನ ಬೆಳಕು ಅಳೆಯುವುದು

ಓಎನ್‌ಟಿಯಲ್ಲಿ ಪಾನ್ ಲೈಟು ಹಸಿರಾಗಿ ಸ್ಥಿರ ಉರಿಯಬೇಕು. ಲಾಸ್ ಎಂಬ ಲೈಟು ಕೆಂಪಾದರೆ ಬೆಳಕೇ ಬರುತ್ತಿಲ್ಲ. ಇವೆರಡರ ನಡುವಿನ ಸ್ಥಿತಿಯೇ ತೊಂದರೆಯದ್ದು: ಬೆಳಕು ಬರುತ್ತಿದೆ, ಆದರೆ ಅಂಚಿನಲ್ಲಿದೆ.

ಓಎನ್‌ಟಿಯ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂಬ ಅಂಕಿ ಇರುತ್ತದೆ, ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್ ಗುರುತಿನೊಡನೆ. 0 ಎಂದರೆ ಒಂದು ಮಿಲಿವ್ಯಾಟ್. -20 ಎಂದರೆ ಅದರ ನೂರರಲ್ಲೊಂದು, -30 ಎಂದರೆ ಸಾವಿರದಲ್ಲೊಂದು. 3 ಇಳಿದರೆ ಬೆಳಕು ಅರ್ಧವಾಯಿತು. ಮಾಮೂಲಿ ಫೈಬರ್ (ಜಿಪಾನ್) ಲೈನ್‌ಗಳಲ್ಲಿ -15ರಿಂದ -24ರ ಒಳಗಿದ್ದರೆ ನೆಮ್ಮದಿ. -27 ಎಂಬುದು ಕೊನೆಯ ಗಡಿ. -26ರಲ್ಲಿ ನಿಂತ ಲೈನ್ ಹಗಲೆಲ್ಲ ಓಡಿ, ಮಳೆಗೆ ಜಾಯಿಂಟ್ ಒದ್ದೆಯಾದಾಗಲೋ ಗಾಳಿಗೆ ತಂತಿ ತೂಗಿದಾಗಲೋ ಬೀಳುತ್ತದೆ. ಆದ್ದರಿಂದ ನೆಟ್ ಸರಿ ಇದ್ದಾಗಿನ ಅಂಕಿ, ಕೆಟ್ಟಾಗಿನ ಅಂಕಿ ಎರಡನ್ನೂ ಬರೆದಿಡಿ.

ಆಫೀಸಿನ ಒಳಗೆ ನೋಡಬೇಕಾದದ್ದು ತಂತಿಯ ಬಾಗು. ಫೈಬರ್ ಎಂದರೆ ಗಾಜಿನ ಎಳೆ. ಚೂಪಾಗಿ ಮಡಚಿದರೆ ಬೆಳಕು ಅಲ್ಲೇ ಸೋರುತ್ತದೆ. ಬಳೆಯಷ್ಟು ಅಗಲದ ಸುತ್ತು ಸರಿ, ಬೆರಳಿಗೆ ಸುತ್ತಿದಷ್ಟು ಸಣ್ಣದು ಬೇಡ. ಬಾಗಿಲ ಸಂದಿ, ಬೀರುವಿನ ಹಿಂಬದಿ, ಬಿಗಿದ ಕೇಬಲ್ ಟೈ ಇವನ್ನು ನೋಡಿ. ಹಸಿರು ಕನೆಕ್ಟರ್ ಹಸಿರಿಗೇ, ನೀಲಿ ನೀಲಿಗೇ ಸೇರಬೇಕು. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯೊಡನೆ ಕೂಡಿಸಿದರೆ ನಡುವೆ ಸಂದಿ ಉಳಿದು ಬೆಳಕು ನಷ್ಟವಾಗುತ್ತದೆ. ಕಳಚಿದ ಫೈಬರ್ ತುದಿಯೊಳಗೆ ಎಂದೂ ಕಣ್ಣಿಟ್ಟು ನೋಡಬೇಡಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ಗೋಡೆಯಾಚೆ ಅಳಿಲು ಕಡಿದದ್ದು, ಕೋತಿ ಜೋತುಬಿದ್ದದ್ದು, ಕಂಬದ ಜಾಯಿಂಟ್ ಇವೆಲ್ಲ ಕಂಪನಿಯವರ ಕೆಲಸ.

## ಕಂಪನಿಗೆ ದೂರು ಬರೆಯುವಾಗ

“ನೆಟ್ ಸರಿಯಿಲ್ಲ” ಎಂದರೆ ಅವರು ಹೇಳುವುದು “ರೂಟರ್ ಆರಿಸಿ ಹಾಕಿ” ಎಂದೇ. ಅಂಕಿಗಳಿದ್ದರೆ ಮಾತೇ ಬೇರೆ. ದೂರು ಹೀಗಿರಲಿ:

“ಮಂಗಳವಾರ 11:32ರಿಂದ 11:35, 14:10ರಿಂದ 14:12, ಬುಧವಾರ 10:47ರಿಂದ 10:51 ಸಂಪರ್ಕ ಕಡಿದಿದೆ. ಆ ಹೊತ್ತಿನಲ್ಲಿ ಒಳಗಿನ 192.168.1.1 ತಪ್ಪದೆ ಉತ್ತರಿಸಿದೆ, ನಿಮ್ಮ ಮೊದಲ ಯಂತ್ರ ಉತ್ತರಿಸಿಲ್ಲ. ಓಎನ್‌ಟಿ ಸಿಸ್ಟಂ ಅಪ್‌ಟೈಮ್ 12 ದಿನ, ವ್ಯಾನ್ ಅಪ್‌ಟೈಮ್ 4 ನಿಮಿಷ. ಆರ್‌ಎಕ್ಸ್ ಪವರ್ ಸರಿ ಇದ್ದಾಗ -25.8, ಕಡಿಯುವ ಮುನ್ನ -27.4. ಎರಡು ಕಂಪ್ಯೂಟರ್‌ಗಳಲ್ಲಿ ಕೇಬಲ್ ಮೂಲಕ ಪರೀಕ್ಷಿಸಿದೆ.”

ಇದನ್ನು ಓದಿದ ತಾಂತ್ರಿಕರಿಗೆ ಕಂಬಕ್ಕೆ ಹೋಗಿ ಜಾಯಿಂಟ್ ನೋಡದೆ ದಾರಿಯಿಲ್ಲ. ದೂರಿನ ನಂಬರು ಪಡೆದು, ಕಡಿತಗಳ ಪಟ್ಟಿಯನ್ನು ಆಮೇಲೂ ಬರೆಯುತ್ತಿರಿ.

ಒಳಗೆ ನೆಟ್ ಚೆನ್ನಾಗಿದ್ದು, ಮನೆಯಿಂದ ಆಫೀಸಿನ ಸರ್ವರ್‌ಗೆ ಬರುವವರಿಗೆ ಮಾತ್ರ ತೊಂದರೆಯಾದರೆ ಕೇಳಬೇಕಾದ ಪ್ರಶ್ನೆ ಬೇರೆ. ರೂಟರ್‌ನ ವ್ಯಾನ್ ಐಪಿ 100.64ರಿಂದ 100.127ರ ನಡುವಿನ ಅಂಕಿಗಳಿಂದ ಶುರುವಾಗುತ್ತಿದ್ದರೆ ನಿಮ್ಮ ಹೊರಗಿನ ಅಡ್ರೆಸ್ಸನ್ನು ಕಂಪನಿ ಹಲವು ಗ್ರಾಹಕರಿಗೆ ಹಂಚಿದೆ, ಹೊರಗಿನಿಂದ ನೇರ ಬರಲಾಗದು. ಅಲ್ಲದಿದ್ದರೂ ಲೈನ್ ಕಡಿದು ಕೂಡಿದಾಗ ಅಡ್ರೆಸ್ ಬದಲಾಗಬಹುದು. ಸ್ಥಿರ ಪಬ್ಲಿಕ್ ಐಪಿ ಕೇಳಿ ಪಡೆಯಿರಿ, ಒಳಗೆ ಬರುವ ದಾರಿಯನ್ನು ವಿಪಿಎನ್ (ನೆಟ್ ಮೇಲಿನ ಗುಪ್ತ, ಭದ್ರ ದಾರಿ) ಮೂಲಕವೇ ಇಡಿ.

## ಸರಿಯಾಯಿತು ಎಂದು ಯಾವಾಗ ಹೇಳಬಹುದು?

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಕೇಬಲ್, ಅಡಾಪ್ಟರ್, ಡಿಎನ್ಎಸ್ ಮೂರನ್ನೂ ಒಂದೇ ಮಧ್ಯಾಹ್ನ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು, ಆರು ತಿಂಗಳ ಮೇಲೆ ಮತ್ತೆ ಕೆಟ್ಟಾಗ ಮೊದಲಿನಿಂದ ಹುಡುಕಬೇಕು.

ಬದಲಿಸಿದ ಮೇಲೆ ಕಾಯಬೇಕು. ಗಂಟೆಗೊಮ್ಮೆ ಕಡಿಯುತ್ತಿದ್ದ ನೆಟ್ ಒಂದು ಪೂರ್ತಿ ದಿನ ನಿಂತರೆ ನಂಬಬಹುದು. ಎರಡು ದಿನಕ್ಕೊಮ್ಮೆ ಕಡಿಯುತ್ತಿದ್ದದ್ದು ಮರುದಿನ ಚೆನ್ನಾಗಿದೆ ಎಂದರೆ ಅದು ಏನನ್ನೂ ಹೇಳುವುದಿಲ್ಲ, ಒಂದು ವಾರವಾದರೂ ಬೇಕು. ಮಳೆ ಬಂದಾಗಲೇ ಹೋಗುತ್ತಿದ್ದ ನೆಟ್ಟಿಗೆ ಮುಂದಿನ ಮಳೆಯೇ ಪರೀಕ್ಷೆ. ಅಲ್ಲಿಯವರೆಗೆ ಪಿಂಗ್ ಕಾವಲು ಎರಡೂ ಕಂಪ್ಯೂಟರ್‌ಗಳಲ್ಲಿ ಓಡುತ್ತಿರಲಿ, ಕಳಚಿದ ಹಳೆಯ ಕೇಬಲ್‌ಗೆ ತಾರೀಕು ಬರೆದ ಚೀಟಿ ಕಟ್ಟಿ ಬೇರೆ ಇಡಿ. ಇಲ್ಲದಿದ್ದರೆ ಮುಂದಿನ ವಾರ ಯಾರೋ ಅದನ್ನೇ ಒಳ್ಳೆಯದೆಂದು ಎತ್ತಿಕೊಂಡು ಹೋಗಿ ಪ್ರಿಂಟರ್‌ಗೆ ಚುಚ್ಚುತ್ತಾರೆ.